ಸಹನಾಳ ಡ್ಯೂಟಿ ಮುಗಿದ ಮೇಲೆ

2016ರಲ್ಲಿ ಬಂದ ಹೇಮಂತ್ ಎಂ. ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಊರು ಬಿಟ್ಟು ದುಡಿಯುವ ನಮ್ಮಂಥವರಿಗೆ ತೀರಾ ಹತ್ತಿರದ ಸಿನಿಮಾ. ಆಲ್‌ಝೈಮರ್ಸ್ ಇರುವ ಅಪ್ಪ ವೆಂಕೋಬರಾವ್ ಬೆಂಗಳೂರಿನ ಕೇರ್ ಹೋಮಿನಲ್ಲಿ, ಮಗ ಶಿವ ಮುಂಬೈನಲ್ಲಿ. ಒಂದು ದಿನ ಮಗನ ಜೊತೆ ಹೊರಗೆ ಹೋದ ಅಪ್ಪ ಕಳೆದುಹೋಗ್ತಾರೆ. ಅನಂತ್ ನಾಗ್ ಆ ಮರೆವನ್ನು ಕಣ್ಣಲ್ಲೇ ತೋರಿಸಿಬಿಡ್ತಾರೆ. ಕಾಯಿಲೆಯನ್ನು ನಗೆಯ ಸರಕು ಮಾಡದ ಸಿನಿಮಾ ಇದು. ಆದರೂ ನನ್ನದೊಂದು ತಕರಾರಿದೆ.

ಕೇರ್ ಹೋಮಿನ ವೈದ್ಯೆ ಸಹನಾ ಅಪ್ಪನ ಮಾತನ್ನು ತಾಳ್ಮೆಯಿಂದ ಕೇಳ್ತಾಳೆ, ಮಗ ಸಿಡುಕ್ತಾನೆ. ಸಿನಿಮಾ ಇದನ್ನು ಮನಸ್ಸಿನ ವ್ಯತ್ಯಾಸ ಅಂತಲೇ ನೋಡುತ್ತೆ. ಮಗನ ಎದೆ ಕರಗಿದರೆ ಸಾಕು, ಎಲ್ಲ ಸರಿಹೋಗುತ್ತೆ ಅನ್ನೋ ಹಾಗೆ. ಆದರೆ ಸಹನಾಳಂಥವರಿಗೆ ಸಂಬಳವಿದೆ, ತರಬೇತಿಯಿದೆ, ಡ್ಯೂಟಿ ಮುಗಿದ ಮೇಲೆ ಮನೆಗೆ ಹೋಗಿ ಮಲಗಬಹುದು. ತಾಳ್ಮೆಯಲ್ಲಿ ಆ ನಿದ್ದೆಯ ಪಾಲೂ ಇದೆ.

ಇದೇ ವೆಂಕೋಬರಾವ್ ಸುರಪುರ ತಾಲ್ಲೂಕಿನ ಬೋನಾಳದಂಥ ಊರಲ್ಲಿದ್ದಿದ್ದರೆ? ಯಾದಗಿರಿ ಜಿಲ್ಲೆಯಿಂದ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುವವರು ಬಹಳ. ಅವರು ಹೋದ ಮೇಲೆ ಮುಪ್ಪಿನವರನ್ನು ನೋಡಿಕೊಳ್ಳೋದು ಮನೆಯಲ್ಲಿ ಉಳಿದ ಸೊಸೆಯೋ ಮಗಳೋ. ರಾತ್ರಿ ಮೂರು ಸಲ ಎಬ್ಬಿಸುವ ಮಾವ, ಬೆಳಗಾದರೆ ತೊಳೆಯಬೇಕಾದ ಹಾಸಿಗೆ, ನೀರು, ಒಲೆ, ಹೊಲದ ಕೂಲಿ. ಸೊಂಟ ಹಿಡಿಯುತ್ತೆ, ನಿದ್ದೆ ಕೆಡುತ್ತೆ, ಸಿಟ್ಟು ಬರುತ್ತೆ. ಮುದುಕರ ಮೇಲೆ ಸಿಟ್ಟು ಮಾಡಿಕೊಂಡೆನಲ್ಲ ಅಂತ ಆಮೇಲೆ ಕೊರಗು ಬೇರೆ. ಊರು ಇದಕ್ಕೆ ‘ಸೇವೆ’ ಅನ್ನುತ್ತೆ. ಸೇವೆ ಅಂದಮೇಲೆ ದಣಿದೆ ಅನ್ನೋ ಹಾಗಿಲ್ಲ.

2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಹೆತ್ತವರನ್ನು ಬೀದಿಪಾಲು ಮಾಡಿದವರಿಗೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೇಕಾದ ಕಾನೂನೇ. ಬಿಟ್ಟುಹೋಗದೆ ನೋಡಿಕೊಳ್ಳುವವಳಿಗೆ ನಾಲ್ಕು ದಿನ ಬಿಡುವು ಕೊಡಿಸುವ ಮಾತು ಮಾತ್ರ ಅದರಲ್ಲಿಲ್ಲ. ಕಾನೂನಿಗೂ ಸಿನಿಮಾಕ್ಕೂ ಕಾಣೋದು ದೂರ ಹೋದ ಮಗನೇ.

ಸಿನಿಮಾ ನೋಡಿ ಅತ್ತು ಊರಿಗೆ ಫೋನ್ ಮಾಡ್ತೀವಿ, ‘ಅಪ್ಪ ಹ್ಯಾಂಗದಾನ?’ ಅಂತ ಕೇಳ್ತೀವಿ. ಫೋನ್ ಎತ್ತಿದವರನ್ನೂ ಒಮ್ಮೆ ಕೇಳೋಣ: ‘ವೈನಿ, ರಾತ್ರಿ ನಿದ್ದಿ ಆತೇನ್ರಿ?’ ಮುಂದಿನ ಲಾಂಗ್ ವೀಕೆಂಡಿಗೆ ಟ್ರಿಪ್ ಬಿಟ್ಟು ಊರಿಗೆ ಹೋಗಿ ಆ ಹಾಸಿಗೆಯನ್ನು ನಾವೇ ತೊಳೆದರೆ, ವೈನಿ ನಾಲ್ಕು ದಿನ ತವರಿಗೆ ಹೋಗಿಬರಬಹುದು.