ತಾಯಿಮರದ ಆಯ್ಕೆ: ಕಣ್ಣಳತೆಯ ಮಿತಿಗಳು

ಕಾಡು ತಾನಾಗಿಯೇ ಮರುಹುಟ್ಟು ಪಡೆಯಬೇಕಾದರೆ ಬೀಜ ಕೊಡುವ ಮರಗಳು ಉಳಿದಿರಬೇಕು. ಯಾವ ಮರಗಳನ್ನು ಉಳಿಸಬೇಕು? ನೆಟ್ಟಗೆ ಬೆಳೆದ, ದಪ್ಪ ಕಾಂಡದ, ರೋಗವಿಲ್ಲದ ಮರಗಳನ್ನು ಎಂಬುದು ಅರಣ್ಯಶಾಸ್ತ್ರದ ಪಾಠಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯೂ ಇದಕ್ಕೆ ಒತ್ತಾಸೆಯಾಗಿದೆ. ಆದರೆ ಈ ಉತ್ತರ ಅರ್ಧ ಮಾತ್ರ ಸರಿ. ನಾನು ಭೌತವಿಜ್ಞಾನದ ಅಧ್ಯಾಪಕ. ಆದರೂ ಅಳೆದದ್ದು ಏನನ್ನು ಎಂಬ ಪ್ರಶ್ನೆ ಎಲ್ಲ ವಿಜ್ಞಾನಗಳಿಗೂ ಸೇರಿದ್ದು.

ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸೆನ್ 1903ರಲ್ಲಿ ಹುರುಳಿಕಾಯಿ ಬೀಜಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಸ್ವಕೀಯ ಪರಾಗಸ್ಪರ್ಶದಿಂದ ಬಂದ ಒಂದೇ ಶುದ್ಧ ವಂಶದೊಳಗೆ ದೊಡ್ಡ ಬೀಜ ಬಿತ್ತಿದರೂ ಸಣ್ಣ ಬೀಜ ಬಿತ್ತಿದರೂ ಮುಂದಿನ ಪೀಳಿಗೆಯ ಬೀಜಗಳ ಸರಾಸರಿ ತೂಕ ಬದಲಾಗಲಿಲ್ಲ. ಕಣ್ಣಿಗೆ ಕಾಣುವ ರೂಪ ಬೇರೆ, ಒಳಗಿನ ಆನುವಂಶಿಕ ರಚನೆ ಬೇರೆ. 1909ರಲ್ಲಿ ಅವರು ಇವನ್ನೇ ಫೀನೋಟೈಪ್, ಜೀನೋಟೈಪ್ ಎಂದು ಕರೆದರು.

ತೇಗವನ್ನೇ ನೋಡೋಣ. ನೆಡುತೋಪಿನಲ್ಲಿ ಮರಗಳ ವಯಸ್ಸು ಒಂದೇ, ನಡುವಿನ ಅಂತರವೂ ಒಂದೇ. ಅಲ್ಲಿ ಒಂದು ಮರ ನೆರೆಯ ಮರಗಳನ್ನು ಮೀರಿ ಬೆಳೆದಿದ್ದರೆ ಅದಕ್ಕೆ ಅರ್ಥವಿದೆ. ಸಹಜ ಕಾಡಿನಲ್ಲಿ 80 ವರ್ಷದ ಮರದ ಪಕ್ಕದಲ್ಲೇ 30 ವರ್ಷದ ಮರವಿರುತ್ತದೆ. ಒಂದಕ್ಕೆ ಹಳ್ಳದ ಬದಿಯ ತೇವ, ಇನ್ನೊಂದಕ್ಕೆ ಕಲ್ಲುನೆಲ. ದಪ್ಪ ಮರ ಉತ್ತಮ ಮರವೋ, ಬರೀ ಹಿರಿಯ ಮರವೋ, ಕಣ್ಣಳತೆ ಹೇಳಲಾರದು.

ಈಗ ಸ್ವಲ್ಪ ಲೆಕ್ಕ. ಆಯ್ಕೆಯಿಂದ ಸಿಗುವ ಲಾಭ = ಆನುವಂಶಿಕತೆ × ಆಯ್ಕೆಯ ಅಂತರ. ಒಂದೇ ವಯಸ್ಸಿನ ಮರಗಳ ಸರಾಸರಿ ವ್ಯಾಸ 40 ಸೆಂ.ಮೀ., ಆಯ್ದವುಗಳದು 50 ಸೆಂ.ಮೀ. ಎಂದುಕೊಳ್ಳಿ. ಬೆಳವಣಿಗೆಯ ಗುಣಗಳಿಗೆ ಆನುವಂಶಿಕತೆ ಬಹಳ ಸಲ 0.1ರಿಂದ 0.3ರಷ್ಟೇ. 0.2 ಎಂದಿಟ್ಟುಕೊಂಡರೆ ಲಾಭ 2 ಸೆಂ.ಮೀ. ಆದರೆ ತೇಗ ಬಹುಪಾಲು ಕೀಟಗಳಿಂದ ಪರಕೀಯ ಪರಾಗಸ್ಪರ್ಶ ಹೊಂದುವ ಮರ. ಸುತ್ತ ಆಯ್ಕೆಯಾಗದ ಮರಗಳೇ ತುಂಬಿದ್ದರೆ ನಾವು ಆರಿಸಿದ್ದು ತಾಯಿಯನ್ನು ಮಾತ್ರ, ತಂದೆಯನ್ನಲ್ಲ. ಉಳಿಯುವ ಲಾಭ 1 ಸೆಂ.ಮೀ. ಆಯ್ದ ಮರಗಳ ಕಸಿಗಿಡಗಳನ್ನು ಒಟ್ಟಿಗೆ ಬೆಳೆಸುವ ಬೀಜತೋಟದಲ್ಲಿ ತಂದೆ-ತಾಯಿ ಇಬ್ಬರೂ ಆಯ್ದವರೇ. ಆ ತೋಟದ ನಿಯಮವನ್ನು ಕಾಡಿಗೆ ಹಾಗೆಯೇ ಅನ್ವಯಿಸುವುದೇ ತಪ್ಪು.

ಈ ಅಲ್ಪ ಲಾಭಕ್ಕೆ ತೆರುವ ಬೆಲೆಯೇನು? ಬರ ಅಥವಾ ರೋಗವನ್ನು ತಡೆಯಲು ನೆರವಾಗುವ ಒಂದು ಜೀನ್ ರೂಪ ಕಾಡಿನಲ್ಲಿ ಶೇ. 5ರಷ್ಟಿದೆ ಎನ್ನೋಣ. ಪ್ರತಿ ಮರದಲ್ಲೂ ಆ ಜೀನಿನ ಎರಡು ಪ್ರತಿಗಳು. 5 ಮರಗಳನ್ನಷ್ಟೇ ಉಳಿಸಿದರೆ ಅವುಗಳಲ್ಲಿ ಒಂದರಲ್ಲೂ ಆ ರೂಪ ಇಲ್ಲದಿರುವ ಸಂಭವ 0.95ರ 10ನೇ ಘಾತ, ಅಂದರೆ ಸುಮಾರು ಶೇ. 60. 30 ಮರಗಳಿದ್ದರೆ 60ನೇ ಘಾತ, ಶೇ. 5ಕ್ಕೂ ಕಡಿಮೆ. ಈ ಮರಗಳು ಪರಸ್ಪರ ಬಂಧುಗಳಾಗಿರಬಾರದು. ಶ್ರೀಗಂಧ ಬೇರಿನಿಂದಲೂ ಚಿಗುರುವುದರಿಂದ, ಒತ್ತಾಗಿ ನಿಂತ ಹತ್ತು ಕಾಂಡಗಳು ಆನುವಂಶಿಕವಾಗಿ ಒಂದೇ ಗಿಡವಾಗಿರಬಹುದು.

‘ಉತ್ತಮ’ ಎಂದರೇನು ಎಂಬ ಪ್ರಶ್ನೆಯೂ ಇದೆ. ನೆಟ್ಟನೆಯ ಕಾಂಡ ಮರದ ದಿಮ್ಮಿ ಕೊಳ್ಳುವವನಿಗೆ ಉತ್ತಮ. ಮಂಗಟ್ಟೆ ಹಕ್ಕಿ ಗೂಡು ಮಾಡುವುದು ಹಳೆಯ ಮರದ ಪೊಟರೆಯಲ್ಲಿ. ದೋಷವುಳ್ಳದ್ದೆಂದು ಆ ಮರವನ್ನು ತೆಗೆದರೆ, ಕಾಡಿನ ಹಲವು ಮರಗಳ ಬೀಜ ಹರಡುವ ಹಕ್ಕಿಯೇ ಇಲ್ಲವಾಗುತ್ತದೆ. ನೇರ ಆರ್ಥಿಕ ಲಾಭಕ್ಕಿಂತ ಪರಿಸರದ ಸಮತೋಲನ ಮುಖ್ಯ ಎಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳುತ್ತದೆ. ಪಾಠವೂ ಅದಕ್ಕೆ ಹೊಂದಬೇಡವೇ?

ಹಾಗೆಂದು ಹಳೆಯ ಸಲಹೆ ಪೂರ್ತಿ ಸುಳ್ಳಲ್ಲ. ಒಳ್ಳೆಯ ಮರಗಳನ್ನೆಲ್ಲ ಕಡಿದು ಸೊಟ್ಟ ಮರಗಳನ್ನೇ ಬಿಡುತ್ತ ಹೋದರೆ ಅದು ತಲೆಕೆಳಗಾದ ಆಯ್ಕೆ. ತೀರ ರೋಗಪೀಡಿತವಾದವನ್ನು ಬೀಜಕ್ಕೆ ಬಿಡದಿರಲಿ. ಉಳಿದಂತೆ ಮರಗಳು ಹಲವಾಗಿರಲಿ, ದೂರದೂರವಿರಲಿ, ವೈವಿಧ್ಯವಿರಲಿ.

ಅಧ್ಯಾಪಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಡಬ್ಬಿಯಲ್ಲಿ 95 ಬಿಳಿ, 5 ಕೆಂಪು ಮಣಿಗಳನ್ನು ಹಾಕಿ. ಒಂದೊಂದನ್ನು ತೆಗೆದು ನೋಡಿ, ಮತ್ತೆ ಡಬ್ಬಿಗೇ ಹಾಕುತ್ತ, ಮೊದಲು 10 ಸಲ, ಆಮೇಲೆ 60 ಸಲ ತೆಗೆಯಲು ಹೇಳಿ. ಕೆಂಪು ಮಣಿ ಸಿಗದೆ ಹೋದವರು ಎಷ್ಟು ಮಂದಿ ಎಂದು ಎರಡೂ ಬಾರಿ ಎಣಿಸಿ. ಕೆಲವೇ ಮರಗಳನ್ನು ಉಳಿಸಿದ ಕಾಡು ಏನನ್ನು ಕಳೆದುಕೊಳ್ಳುತ್ತದೆಂದು ವಿದ್ಯಾರ್ಥಿಗಳಿಗೆ ಆಗ ಮನದಟ್ಟಾಗುತ್ತದೆ.