ಪಕ್ಕದ ಬಣ್ಣ

ರುಮಾಲೆ ಚೆನ್ನಬಸವಯ್ಯನವರು (1910–1988) ನಮ್ಮ ದೊಡ್ಡಬಳ್ಳಾಪುರದವರು. ಸ್ವಾತಂತ್ರ್ಯ ಚಳವಳಿ, ಸೇವಾದಳ, ವಿಧಾನ ಪರಿಷತ್ತು, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ. ಈ ಓಡಾಟದ ನಡುವೆ, ಮೊದಲೇ ಕಲಿತಿದ್ದ ಚಿತ್ರಕಲೆ ವರ್ಷಗಟ್ಟಲೆ ಮೂಲೆ ಸೇರಿತ್ತು. 1960ರ ದಶಕದಲ್ಲಿ ಮತ್ತೆ ಕುಂಚ ಹಿಡಿದರು. ಆಮೇಲೆ ಬಿಡಲಿಲ್ಲ. ಬೆಂಗಳೂರಿನ ಗುಲ್‌ಮೊಹರ್, ಜಕರಂಡ ಮರಗಳೆದುರು ಬಿಸಿಲಲ್ಲೇ ಕೂತು ಬರೆದರು.

ಅವರ ಹೂಮರದ ಚಿತ್ರಕ್ಕೆ ಮೊದಲು ತೀರಾ ಹತ್ತಿರ ಹೋಗಿ. ಅಲ್ಲಿ ಹೂವೂ ಇಲ್ಲ, ಎಲೆಯೂ ಇಲ್ಲ. ದಪ್ಪಗೆ ಮೆತ್ತಿದ ಬಣ್ಣದ ಗೀಟುಗಳು ಒಂದಕ್ಕೊಂದು ಒತ್ತಿಕೊಂಡಿವೆ. ಕೆಂಪಿನ ಮಗ್ಗುಲಿಗೆ ಹಸಿರು, ಹಳದಿಯ ಮಗ್ಗುಲಿಗೆ ನೇರಳೆ. ಹಿಂದಕ್ಕೆ ಸರಿಯುತ್ತ ಬನ್ನಿ, ಎಲ್ಲೋ ಒಂದು ಕಡೆ ಮರ ಥಟ್ಟನೆ ಹೊತ್ತಿಕೊಳ್ಳುತ್ತದೆ. ಬುಡದ ನೆರಳಿನಲ್ಲೂ ನೀಲಿಯ ಛಾಯೆ. ಇದನ್ನು ನೋಡಿದ ಮೇಲೆ ಕಬ್ಬನ್ ಪಾರ್ಕಿನಲ್ಲಿ ನಡೆದರೆ ನೆರಳನ್ನು ಕಪ್ಪು ಅನ್ನಲು ಮನಸ್ಸು ಬಾರದು.

ಬಣ್ಣಗಳು ಹೀಗೆ ಕಣ್ಣಲ್ಲಿ ಬೆರೆಯುವುದು ನಮ್ಮೂರ ನೇಕಾರರಿಗೇನೂ ಬೆರಗಲ್ಲ. ಹಾಸು ಕೆಂಪು, ಹೊಕ್ಕು ಹಸಿರು ಇಟ್ಟು ರೇಷ್ಮೆ ನೇಯ್ದರೆ ಸೀರೆ ಎರಡೂ ಅಲ್ಲದ ಬಣ್ಣಕ್ಕೆ ತಿರುಗುತ್ತದೆ. ಸೆರಗು ಅಲ್ಲಾಡಿದಂತೆ ಹೊಳಪೂ ಮಗ್ಗುಲು ಬದಲಿಸುತ್ತದೆ. ಅಂಗಡಿಯವರ ‘ಶಾಟ್ ಕಲರ್’ ಇದೇ. ಪಕ್ಕದ ಬಣ್ಣದ ಆಟ ದೂರದ ಮಗ್ಗದಲ್ಲೂ ಸಿಕ್ಕಿಬಿದ್ದಿತ್ತು. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಉಸ್ತುವಾರಿ ನೋಡುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್‌ಗೆ, ಕಪ್ಪು ನೂಲು ಕಳೆಗೆಟ್ಟಿದೆ ಎಂಬ ದೂರು ಬಂದಿತ್ತು. ಹುಡುಕಿ ನೋಡಿದರೆ ಅದ್ದಿದ ಬಣ್ಣ ಸರಿಯಾಗಿಯೇ ಇತ್ತು, ಕಳೆ ಕದ್ದದ್ದು ಪಕ್ಕದ ನೂಲು! ಇದರ ಬಗ್ಗೆ 1839ರಲ್ಲಿ ಬಂದ ಆತನ ಪುಸ್ತಕವನ್ನು ಮುಂದೆ ಸ್ಯೂರಾನಂಥ ಚಿತ್ರಕಾರರು ಶ್ರದ್ಧೆಯಿಂದ ಓದಿದರು. ರುಮಾಲೆ ಮಗ್ಗ ನೋಡಿಯೇ ಕಲಿತರೆಂದು ಕತೆ ಕಟ್ಟುವುದು ಬೇಡ. ಮಗ್ಗದ ಊರಿನವರಿಗೆ ಅವರ ಚಿತ್ರ ಬೇಗ ಒಲಿಯುತ್ತದೆ ಎಂದಷ್ಟೇ ನನ್ನ ಮಾತು.

ಹೂಮರ ಬರೆದವರನ್ನು ಕ್ಯಾಲೆಂಡರ್ ಚೆಲುವಿನ ಖಾತೆಗೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಕ್ಯಾಲೆಂಡರಿನ ಹೂವು ಕಣ್ಣಿಗೆ ತಂಪು. ರುಮಾಲೆಯ ಗುಲ್‌ಮೊಹರಿನಲ್ಲಿ ಏಪ್ರಿಲ್‌ನ ಧಗೆ ಇದೆ. ಅದರೆದುರಿನ ಖುಷಿಯಲ್ಲಿ ನೆಮ್ಮದಿಗಿಂತ ಚಡಪಡಿಕೆಯೇ ಜಾಸ್ತಿ. ಅವರ ಹತ್ತು ಚಿತ್ರಗಳನ್ನು ಒಟ್ಟಿಗೆ ನೋಡಿದರೆ ನನಗಂತೂ ಸುಸ್ತಾಗುತ್ತದೆ. ಒಂದೇ ಸಾಕು. ಮೊಬೈಲಿನಲ್ಲಿ ಮಾತ್ರ ನೋಡಬೇಡಿ: ಪುಟ್ಟ ಪರದೆಯಲ್ಲಿ ಗೀಟುಗಳು ಮೊದಲೇ ಬೆರೆತು ಬಂದಿರುತ್ತವೆ, ಬೆರೆಸುವ ಕೆಲಸ ಕಣ್ಣಿಗೆ ಉಳಿಯುವುದೇ ಇಲ್ಲ.