ಮಾಲ್ಕಮ್ ಎಕ್ಸ್ ಬದಲಾದದ್ದು ಯಾವಾಗ?

ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಅವರ ಕತೆ ನಮ್ಮ ಭಾಷಣಗಳಲ್ಲಿ ಆಗಾಗ ಬರುತ್ತದೆ. ಕಳ್ಳತನ, ಜೂಜು, ಮಾದಕ ವಸ್ತು; ಆಮೇಲೆ ಜೈಲು; ಅಲ್ಲಿ ಸಿಗರೇಟು ಬಿಟ್ಟರು, ಹಂದಿಮಾಂಸ ಬಿಟ್ಟರು, ಹೊಸ ಮನುಷ್ಯರಾದರು. ಅಲ್ಲಿಗೆ ಕತೆ ಮುಗಿಯಿತು. ಅವರು ಅಲೆಕ್ಸ್ ಹೇಲಿಯವರಿಗೆ ಹೇಳಿ ಬರೆಸಿದ, ಅವರ ಹತ್ಯೆಯ ನಂತರ 1965ರಲ್ಲೇ ಹೊರಬಂದ ಆತ್ಮಕತೆಯನ್ನು ಮತ್ತೊಮ್ಮೆ ಓದಿದಾಗ, ಕತೆಯನ್ನು ನಾವು ಮುಗಿಸಬಾರದ ಕಡೆ ಮುಗಿಸುತ್ತಿದ್ದೇವೆ ಅನಿಸಿತು.

ಬಿಟ್ಟದ್ದು ಹೇಗೆಂದು ನೋಡಿ. 1946ರಲ್ಲಿ ಜೈಲು ಸೇರಿದ್ದ ಅವರಿಗೆ ತಮ್ಮ ರೆಜಿನಾಲ್ಡ್ ಒಂದು ಪತ್ರ ಬರೆಯುತ್ತಾರೆ. ಹಂದಿಮಾಂಸ ತಿನ್ನಬೇಡ, ಸಿಗರೇಟು ಸೇದಬೇಡ, ಹೊರಬರುವ ದಾರಿ ತೋರಿಸುತ್ತೇನೆ ಎಂಬುದು ಅದರ ತಾತ್ಪರ್ಯ. ಕೈಯಲ್ಲಿದ್ದ ಪ್ಯಾಕೆಟ್ ಮುಗಿಸಿದ ಮಾಲ್ಕಮ್ ಮತ್ತೆಂದೂ ಸೇದಲಿಲ್ಲ. ರಮಝಾನಿನಲ್ಲಿ ಹಗಲಿಡೀ ತಡೆದು, ಮಗ್ರಿಬ್ ಬಾಂಗ್ ಕೇಳಿದೊಡನೆ ಬೆಂಕಿಪೊಟ್ಟಣ ಹುಡುಕುವ ನಮ್ಮವರನ್ನು ನೆನೆದರೆ ಇದು ಸಣ್ಣ ಹಠವಲ್ಲ. ಆದರೆ ಕಾರಣ? ಜೈಲಿನವರನ್ನು ಏಮಾರಿಸುವ ಯಾವುದೋ ಉಪಾಯ ತಮ್ಮನಿಗೆ ಹೊಳೆದಿರಬೇಕೆಂದು ಅವರು ಎಣಿಸಿದ್ದರು. ಬೀದಿಯ ಚಾಲಾಕಿತನವೇ ಸಿಗರೇಟು ಬಿಡಿಸಿತ್ತು. ಪ್ರಾರ್ಥನೆಗೆ ಮೊಣಕಾಲು ಬಗ್ಗಿಸಲು ಮಾತ್ರ ಒಂದು ವಾರ ಬೇಕಾಯಿತು.

1952ರಲ್ಲಿ ಬಿಡುಗಡೆಯಾದ ಮೇಲೆ ಅವರ ನಡತೆಯಲ್ಲಿ ಯಾರೂ ಬೆರಳು ತೋರಿಸುವಂತಿರಲಿಲ್ಲ. ಆದರೆ ಬಿಳಿಯರೆಲ್ಲ ಸೈತಾನರೆಂದು ಕಲಿಸುತ್ತಿದ್ದ 'ನೇಷನ್ ಆಫ್ ಇಸ್ಲಾಮ್'ನ ಮುಖ್ಯ ವಾಗ್ಮಿ ಅವರು. ಒಮ್ಮೆ ಅವರ ಭಾಷಣ ಕೇಳಿದ ಬಿಳಿಯ ಕಾಲೇಜು ಹುಡುಗಿಯೊಬ್ಬಳು ನ್ಯೂಯಾರ್ಕಿಗೇ ಹುಡುಕಿಕೊಂಡು ಬಂದು, ತಾನೇನು ಮಾಡಬಹುದೆಂದು ಕೇಳುತ್ತಾಳೆ. ಏನೂ ಇಲ್ಲ ಎನ್ನುತ್ತಾರೆ. ಅವಳು ಅಳುತ್ತಾ ಹೊರಟುಹೋಗುತ್ತಾಳೆ. ಹೆಂಡ, ಸಿಗರೇಟು ಯಾವುದನ್ನೂ ಮುಟ್ಟದ ಮನುಷ್ಯ ಆಡಿದ ಮಾತಿದು.

1964ರ ಮಾರ್ಚಿನಲ್ಲಿ ಆ ಸಂಘಟನೆಯಿಂದ ಹೊರಬಂದು, ಏಪ್ರಿಲ್‌ನಲ್ಲಿ ಹಜ್ಜ್‌ಗೆ ಹೋದರು. ಬಿಳಿ ತೊಗಲಿನವರೊಂದಿಗೆ ಒಂದೇ ತಟ್ಟೆಯಲ್ಲಿ ಉಂಡದ್ದು ನಮಗೆಲ್ಲ ಗೊತ್ತು. ಆತ್ಮಕತೆಯ ಕೊನೆಯಲ್ಲಿ ಆ ಹುಡುಗಿ ಮರಳಿ ನೆನಪಾಗುವುದನ್ನು ನಮ್ಮ ಭಾಷಣಕಾರರು ಹೇಳುವುದಿಲ್ಲ. ಅವಳ ಹೆಸರು ಅವರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಫೋನು ಮಾಡಬಹುದಿತ್ತು ಎಂದು ಹಳಹಳಿಸುತ್ತಾರೆ. ತೌಬಾಕ್ಕೆ ನಮ್ಮ ವಿದ್ವಾಂಸರು ಹೇಳುವ ಶರತ್ತುಗಳಲ್ಲಿ ಪಾಪವನ್ನು ಬಿಡುವುದು ಒಂದು ಮಾತ್ರ. ಮರುಗಬೇಕು, ಮತ್ತೆ ಮಾಡೆನೆಂದು ನಿಶ್ಚಯಿಸಬೇಕು, ಮನುಷ್ಯರ ಹಕ್ಕಾಗಿದ್ದರೆ ಅದನ್ನು ಮರಳಿಸಬೇಕು. ಇಲ್ಲಿ ಮರಳಿಸಲು ವಿಳಾಸವೇ ಇಲ್ಲ.

ಎಲ್ಲವೂ ಬದಲಾಯಿತೆಂದು ನಾವು ಹೇಳುತ್ತಿಲ್ಲ. ಹೆಂಗಸರ ಬಗ್ಗೆ ಅವರಾಡಿದ ಕಟು ಮಾತುಗಳು ಪುಸ್ತಕದಲ್ಲಿ ಹಾಗೇ ಇವೆ. ಸಂಘಟನೆಯ ಗುರು ಎಲಿಜಾ ಮುಹಮ್ಮದ್ ಅವರನ್ನು ಹೊಗಳಿದ ಹಳೆಯ ಅಧ್ಯಾಯಗಳನ್ನು ತಿದ್ದಿಬಿಡಲು ಮಾಲ್ಕಮ್ ಕೆಂಪು ಶಾಯಿ ಹಿಡಿದದ್ದೂ ನಿಜ. ಹೇಲಿ ಒಪ್ಪಲಿಲ್ಲ. ಯೋಚಿಸಿ ನೋಡಿದ ಮಾಲ್ಕಮ್, ಬರೆದದ್ದು ಬರೆದಂತೆಯೇ ಇರಲಿ ಎಂದರು. ಆ ಪುಟಗಳನ್ನು ಇಂದೂ ಓದಬಹುದು.